ಗಂಟೆಗೊಮ್ಮೆ ಹೊರಗೆ: ಮೌಂಟ್ ವಾಷಿಂಗ್ಟನ್ ತುದಿಯಲ್ಲಿ ಹವಾಮಾನ ನೋಡಿದ ಅನುಭವ

ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ಏನು ಕೆಲಸ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಗಂಟೆಗೊಮ್ಮೆ ಬಾಗಿಲು ತೆಗೆದು ಹೊರಗೆ ಹೋಗಬೇಕು. ಹಗಲಾಗಲಿ, ನಡುರಾತ್ರಿಯಾಗಲಿ, ಹಬ್ಬವಾಗಲಿ, ಬಿರುಗಾಳಿಯಾಗಲಿ, ಇದಕ್ಕೆ ರಜೆ ಇಲ್ಲ. ಹೊರಗೆ ಹೋಗಿ ತಾಪಮಾನ ಅಳೆಯಬೇಕು, ಆಕಾಶ ನೋಡಬೇಕು, ಎಷ್ಟು ದೂರ ಕಾಣುತ್ತದೆ ಅಂತ ನೋಡಬೇಕು, ಉಪಕರಣಗಳ ಮೇಲೆ ಕಟ್ಟಿದ ಐಸ್ ಒಡೆಯಬೇಕು. ಒಳಗೆ ಬಂದು ಎಲ್ಲವನ್ನೂ ಬರೆಯಬೇಕು. ಮುಂದಿನ ಗಂಟೆ ಮತ್ತೆ ಅದೇ.

ಇದನ್ನು ಕೇಳಿದವರ ಮುಂದಿನ ಪ್ರಶ್ನೆಯೂ ನನಗೆ ಗೊತ್ತು. "ಈಗ ಎಲ್ಲಾ ಆಟೊಮ್ಯಾಟಿಕ್ ಅಲ್ವಾ? ಮನುಷ್ಯರು ಯಾಕೆ ಬೇಕು?" ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅಲ್ಲಿಯ ಕೆಲಸವನ್ನು ವಿವರವಾಗಿ ಹೇಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಮೌಂಟ್ ವಾಷಿಂಗ್ಟನ್ ಇರುವುದು ಅಮೆರಿಕದ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ. ಎತ್ತರ 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿಯೂ ಹೆಚ್ಚೂಕಡಿಮೆ ಅಷ್ಟೇ ಎತ್ತರ. ನಾನು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದದ್ದು. ಹವಾಮಾನ ವಿಜ್ಞಾನ ಓದಲು ಅಮೆರಿಕಕ್ಕೆ ಹೋದೆ. ಈ ಬೆಟ್ಟಕ್ಕೆ ಚಳಿಗಾಲದ ಇಂಟರ್ನ್ ಆಗಿ ಹೋದವಳು ಮುಂದೆ ಅಲ್ಲಿಯೇ ಅಬ್ಸರ್ವರ್ ಆದೆ. ಮೊದಲು ಎತ್ತರದ ಸಂಖ್ಯೆ ನೋಡಿದಾಗ ಇದೇನು ಮಹಾ ಬೆಟ್ಟ ಅನ್ನಿಸಿತ್ತು. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಎತ್ತರವೊಂದೇ ಅಲ್ಲ, ಬೆಟ್ಟ ನಿಂತಿರುವ ಜಾಗ.

ಅದು 44 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಖಂಡದ ಮಧ್ಯದಿಂದ ಬರುವ ಬಿರುಗಾಳಿಗಳು, ಅಟ್ಲಾಂಟಿಕ್ ಕರಾವಳಿಗುಂಟ ಮೇಲೆ ಬರುವ ಬಿರುಗಾಳಿಗಳು, ಎರಡೂ ಈ ಕಡೆಯಿಂದಲೇ ಹಾದು ಹೋಗುತ್ತವೆ. ಬೆಟ್ಟದ ಸಾಲು ಉತ್ತರ ದಕ್ಷಿಣವಾಗಿ ಚಾಚಿಕೊಂಡಿದೆ, ಗಾಳಿ ಬರುವುದು ಹೆಚ್ಚಾಗಿ ಪಶ್ಚಿಮದಿಂದ. ಅಂದರೆ ಗಾಳಿಗೆ ಇದು ಅಡ್ಡಗೋಡೆ. ಮೇಲೆ ಏರಲೇಬೇಕಾದ ಗಾಳಿ ಬೆಟ್ಟದ ನೆತ್ತಿಗೂ ಮೇಲಿನ ವಾಯುಪದರಕ್ಕೂ ನಡುವೆ ಸಿಕ್ಕಿ ಇಕ್ಕಟ್ಟಾಗುತ್ತದೆ, ವೇಗ ಜಾಸ್ತಿಯಾಗುತ್ತದೆ. ಗಂಟೆಗೆ 119 ಕಿಲೋಮೀಟರ್ ಮೀರಿದರೆ ಅದು ಚಂಡಮಾರುತದ ಮಟ್ಟದ ಗಾಳಿ. ಈ ತುದಿಯಲ್ಲಿ ವರ್ಷದ ಸುಮಾರು 110 ದಿನ ಅಂಥ ಗಾಳಿ ಬೀಸುತ್ತದೆ. ವರ್ಷದ ಸರಾಸರಿ ತಾಪಮಾನ ಸೊನ್ನೆಗಿಂತ ಸುಮಾರು 3 ಡಿಗ್ರಿ ಸೆಲ್ಸಿಯಸ್ ಕೆಳಗೆ. ವೀಕ್ಷಣಾಲಯದ ದಾಖಲೆಯಲ್ಲಿ ಅತಿ ಹೆಚ್ಚು ಅಂದರೆ 22 ಡಿಗ್ರಿ. ನೂರಕ್ಕೆ ಸುಮಾರು 60 ಪಾಲು ಹೊತ್ತು ತುದಿ ಮೋಡದೊಳಗೆ ಮುಳುಗಿರುತ್ತದೆ.

ಇಲ್ಲಿ ಹವಾಮಾನ ನೋಡುವ ಕೆಲಸ ಹಳೆಯದು. 1870ರ ಚಳಿಗಾಲದಲ್ಲೇ ಒಂದು ತಂಡ ತುದಿಯಲ್ಲಿ ಉಳಿದು ಅಳತೆ ಮಾಡಿತ್ತು. ಅಮೆರಿಕದ ಸೈನ್ಯದ ಸಿಗ್ನಲ್ ಸರ್ವಿಸ್ ಅದನ್ನು ಕೆಲವು ವರ್ಷ ಮುಂದುವರಿಸಿ ಬಿಟ್ಟಿತು. ಈಗಿನ ವೀಕ್ಷಣಾಲಯ ಶುರುವಾದದ್ದು 1932ರಲ್ಲಿ. ಬಾಬ್ ಮೊನಹನ್, ಸಾಲ್ ಪಾಗ್ಲಿಯುಕಾ, ಅಲೆಕ್ಸ್ ಮೆಕೆಂಜಿ, ಜೋ ಡಾಜ್ ಎಂಬ ಉತ್ಸಾಹಿಗಳು ಸೇರಿ ಕಟ್ಟಿದ್ದು. ಇದು ಸರ್ಕಾರಿ ಕಚೇರಿಯಲ್ಲ. ಸದಸ್ಯರು ಮತ್ತು ದಾನಿಗಳ ನೆರವಿನಿಂದ ನಡೆಯುವ ಸಂಸ್ಥೆ.

ಇನ್ನು ಕೆಲಸಕ್ಕೆ ಬರೋಣ. ಗಂಟೆ ಮುಗಿಯಲು ಒಂದು ಕಾಲು ಗಂಟೆ ಇರುವಾಗ ಬಟ್ಟೆ ಹಾಕಲು ಶುರು. ಒಳ ಉಣ್ಣೆ, ಅದರ ಮೇಲೆ ದಪ್ಪ ಜಾಕೆಟ್, ಅದರ ಮೇಲೆ ಗಾಳಿ ತಡೆಯುವ ಪದರ, ಮುಖಕ್ಕೆ ಮುಸುಕು, ಕಣ್ಣಿಗೆ ಗಾಗಲ್ಸ್, ಬೂಟಿನ ಅಡಿಗೆ ಮೊಳೆಯ ಪಟ್ಟಿ. ಕಡು ಚಳಿಯಲ್ಲಿ ಮೂಗಿನ ಪಕ್ಕ ಒಂದು ಬೆರಳಗಲ ಚರ್ಮ ತೆರೆದಿದ್ದರೂ ಕೆಲವೇ ನಿಮಿಷದಲ್ಲಿ ಅದು ಬೆಳ್ಳಗಾಗಿ ಮರಗಟ್ಟುತ್ತದೆ. ಅದಕ್ಕೆ ಹೊರಡುವ ಮುಂಚೆ ಇನ್ನೊಬ್ಬರು ಮುಖ ನೋಡಿ ಸರಿ ಇದೆ ಅಂತ ಹೇಳುವ ರೂಢಿ ನಮ್ಮಲ್ಲಿತ್ತು. ರಾತ್ರಿ ಪಾಳಿಯಲ್ಲಿ ಕನ್ನಡಿಯೇ ಆ ಇನ್ನೊಬ್ಬರು.

ತಾಪಮಾನ ಅಳೆಯುವುದು ಸ್ಲಿಂಗ್ ಸೈಕ್ರೋಮೀಟರ್ ಎಂಬ ಹಳೆಯ ಸಾಧನದಿಂದ. ಒಂದು ಪಟ್ಟಿಯ ಮೇಲೆ ಎರಡು ಥರ್ಮಾಮೀಟರ್ ಅಕ್ಕಪಕ್ಕ ಕೂರಿಸಿ, ತುದಿಗೆ ತಿರುಗುವ ಹಿಡಿ ಹಾಕಿರುತ್ತಾರೆ. ಒಂದರ ಬಲ್ಬ್ ಒಣ. ಇನ್ನೊಂದಕ್ಕೆ ತೆಳು ಬಟ್ಟೆ ಸುತ್ತಿ ಒದ್ದೆ ಮಾಡಿರುತ್ತೇವೆ. ಹಿಡಿದು ಗಿರಗಿರ ತಿರುಗಿಸಬೇಕು. ಒದ್ದೆ ಬಟ್ಟೆಯ ನೀರು ಆರುತ್ತಾ ಆ ಥರ್ಮಾಮೀಟರನ್ನು ತಣಿಸುತ್ತದೆ. ಗಾಳಿ ಒಣಗಿದ್ದಷ್ಟೂ ಹೆಚ್ಚು ತಣಿಯುತ್ತದೆ. ಎರಡರ ವ್ಯತ್ಯಾಸದಿಂದ ತೇವಾಂಶ ಲೆಕ್ಕ ಹಾಕುತ್ತೇವೆ. ಓದುವಾಗ ಮೊದಲು ಒದ್ದೆ ಬಲ್ಬ್, ಆಮೇಲೆ ಒಣ ಬಲ್ಬ್. ತಿರುಗಿಸುವುದು ನಿಲ್ಲಿಸಿದ ಕೂಡಲೇ ಒದ್ದೆ ಬಲ್ಬಿನ ಪಾದರಸ ಏರಲು ಶುರುಮಾಡುತ್ತದೆ, ಅದಕ್ಕೆ. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ಇಲ್ಲದಿದ್ದರೆ ನಮ್ಮ ಮೈ ಶಾಖವನ್ನೇ ಅಳೆದ ಹಾಗೆ ಆಗುತ್ತದೆ. ಉಸಿರು ಕೂಡ ತಾಗಬಾರದು.

ಸೊನ್ನೆಗಿಂತ ಕೆಳಗೆ ಇದು ಇನ್ನೂ ಸೂಕ್ಷ್ಮ. ಬಟ್ಟೆಯ ನೀರು ಸೊನ್ನೆ ದಾಟಿದ ತಕ್ಷಣ ಐಸ್ ಆಗಬೇಕೆಂದಿಲ್ಲ. ಎಷ್ಟೋ ಸಲ ಇನ್ನೂ ಕೆಳಕ್ಕೆ ಇಳಿದು, ಆಮೇಲೆ ಒಮ್ಮೆಲೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ, ಹಾಗಾಗಿ ಥರ್ಮಾಮೀಟರ್ ಸೊನ್ನೆಯ ಕಡೆ ಹಾರುತ್ತದೆ. ಆ ಹೊತ್ತಿನಲ್ಲಿ ಓದಿದರೆ ತಪ್ಪು ಸಂಖ್ಯೆ. ಪೂರ್ತಿ ಐಸ್ ಆಗಿ, ಮತ್ತೆ ಇಳಿದು, ಒಂದು ಕಡೆ ನಿಲ್ಲುವವರೆಗೆ ತಿರುಗಿಸುತ್ತಲೇ ಇರಬೇಕು. ತೋಳು ನೋಯುತ್ತದೆ. ಆದರೆ ಆ ಸಂಖ್ಯೆ ನಿಂತಾಗ ಸಿಗುವ ಸಮಾಧಾನವೇ ಬೇರೆ. ಪಕ್ಕದಲ್ಲಿ ಎಲೆಕ್ಟ್ರಾನಿಕ್ ಸೆನ್ಸರ್ ಇದೆ, ಅದು ನಿಮಿಷ ನಿಮಿಷಕ್ಕೆ ಕಂಪ್ಯೂಟರಿಗೆ ಅಂಕಿ ಕಳಿಸುತ್ತದೆ. ಅದರ ಮೇಲೆ ಐಸ್ ಕಟ್ಟಿದರೆ ಅದು ಗಾಳಿಯ ತಾಪಮಾನ ಬಿಟ್ಟು ಐಸಿನ ತಾಪಮಾನ ಹೇಳಲು ಶುರುಮಾಡುತ್ತದೆ. ಅದಕ್ಕೆ ತನ್ನ ಮೈಮೇಲೆ ಐಸ್ ಇದೆ ಅಂತ ಗೊತ್ತಾಗುವುದಿಲ್ಲ. ಕೈಯಲ್ಲಿ ತಿರುಗಿಸಿದ ಓದು ಪಕ್ಕದಲ್ಲಿದ್ದರೆ ತಾನೇ ಅದು ದಾರಿ ತಪ್ಪಿದೆ ಅಂತ ನಮಗೆ ತಿಳಿಯುವುದು?

ಆಕಾಶ ನೋಡುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಕೆಳಗಿನ ಊರಿನಲ್ಲಿ ಮೋಡದ ಎತ್ತರ ಅಳೆಯಲು ಯಂತ್ರ ಬೇಕು. ಇಲ್ಲಿ ಸುತ್ತಲಿನ ಶಿಖರಗಳೇ ಅಳತೆಗೋಲು. ಮೌಂಟ್ ಆಡಮ್ಸ್ 1,760 ಮೀಟರ್, ಜೆಫರ್ಸನ್ ಸ್ವಲ್ಪ ಕಡಿಮೆ. ಮೋಡ ಯಾವ ಶಿಖರದ ಎಲ್ಲಿಗೆ ಬಂದು ನಿಂತಿದೆ ಅಂತ ನೋಡಿದರೆ ಎತ್ತರ ಗೊತ್ತಾಗುತ್ತದೆ. ಕೆಲವು ದಿನ ಮೋಡ ನಮ್ಮ ಕಾಲ ಕೆಳಗೆ ಇರುತ್ತದೆ. ಅಂಥ ದಿನ ನಾವು ಬರೆಯುವುದು ಮೋಡದ ನೆತ್ತಿಯ ಎತ್ತರ. ಕಣಿವೆಯಲ್ಲಿ ಇರುವವರಿಗೆ ಅದು ಮಬ್ಬು ದಿನ, ನಮಗೆ ಬಿಸಿಲು.

ಎಷ್ಟು ದೂರ ಕಾಣುತ್ತದೆ ಅನ್ನುವುದಕ್ಕೂ ಗುರುತುಗಳ ಪಟ್ಟಿ ಇದೆ. ಒಂದೊಂದು ಬೆಟ್ಟದ ದೂರವನ್ನೂ ಬಾಯಿಪಾಠ ಮಾಡಿಕೊಳ್ಳಬೇಕು. ತೀರಾ ಶುಭ್ರ ದಿನ ನ್ಯೂಯಾರ್ಕ್ ರಾಜ್ಯದ ಮೌಂಟ್ ಮಾರ್ಸಿ ಕಾಣುತ್ತದೆ, ಅದು ಸುಮಾರು 210 ಕಿಲೋಮೀಟರ್ ದೂರ. ಪೂರ್ವದ ಕಡೆ ಅಟ್ಲಾಂಟಿಕ್ ಸಮುದ್ರದ ಹೊಳಪು ಕಾಣುತ್ತದೆ. ಅದೇ ಜಾಗದಲ್ಲಿ ಮರುದಿನ ಮೋಡ ಮುಚ್ಚಿ ಹಿಮ ಹಾರುತ್ತಿದ್ದರೆ ನನ್ನ ಬೂಟು ನನಗೇ ಕಾಣುತ್ತಿರಲಿಲ್ಲ. ಆಗ ಸೊನ್ನೆ ಅಂತ ಬರೆಯುವುದು. ರಾತ್ರಿ ಗುರುತು ಬೇರೆ, ಊರುಗಳ ದೀಪಗಳು.

ಈಗ ಐಸ್ ವಿಷಯ. ಈ ಕೇಂದ್ರದ ಕೆಲಸದ ಹೃದಯವೇ ಅದು.

ತುದಿಯನ್ನು ಮುಚ್ಚುವ ಮೋಡದಲ್ಲಿರುವ ಹನಿಗಳು ಸೊನ್ನೆಗಿಂತ ಕೆಳಗಿದ್ದರೂ ನೀರಾಗಿಯೇ ಇರುತ್ತವೆ. ಏನಾದರೂ ಗಟ್ಟಿ ವಸ್ತು ತಾಗುವವರೆಗೆ ಹೀಗೇ ಇರುತ್ತವೆ. ತಾಗಿದ ಕ್ಷಣ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತವೆ. ಗಾಳಿಯಲ್ಲಿ ಕೋಟಿಗಟ್ಟಲೆ ಹನಿಗಳು ಬಂದು ಬಡಿಯುತ್ತಿರುತ್ತವೆ. ಕಂಬ, ಕಂಬಿ, ಕಲ್ಲು, ಕೇಬಲ್, ಎಲ್ಲದರ ಮೇಲೂ ಬಿಳಿ ಐಸ್ ಬೆಳೆಯುತ್ತದೆ. ಇದಕ್ಕೆ ರೈಮ್ ಅನ್ನುತ್ತಾರೆ. ಹಕ್ಕಿಯ ಗರಿಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ ಕಾಣುತ್ತದೆ. ವಿಚಿತ್ರ ಏನೆಂದರೆ ಅದು ಗಾಳಿ ಹೋಗುವ ಕಡೆಗೆ ಬೆಳೆಯುವುದಿಲ್ಲ, ಗಾಳಿ ಬರುವ ಕಡೆಗೆ ಬೆಳೆಯುತ್ತದೆ. ಬೆಳಗ್ಗೆ ಹೊರಗೆ ಬಂದು ಗರಿಗಳ ಮುಖ ನೋಡಿದರೆ ರಾತ್ರಿಯಿಡೀ ಗಾಳಿ ಎಲ್ಲಿಂದ ಬಂತು ಅಂತ ಓದಬಹುದು. ಒಂದೇ ಗಂಟೆಯಲ್ಲಿ ಕೈಬೆರಳುದ್ದ ಬೆಳೆದದ್ದನ್ನು ನೋಡಿದ್ದೇನೆ. ಹೊಡೆದರೆ ರೈಮ್ ಪುಡಿಯಾಗಿ ಉದುರುತ್ತದೆ. ಆದರೆ ತಾಪಮಾನ ಸೊನ್ನೆಯ ಹತ್ತಿರ ಇದ್ದಾಗ ಆಗುವ ಗಾಜಿನಂಥ ಐಸ್ ಇದೆಯಲ್ಲ, ಅದು ಗಟ್ಟಿ. ಅದು ಕಟ್ಟಿದ ದಿನ ಒಡೆದು ಮುಗಿಸುವಷ್ಟರಲ್ಲಿ ಮುಂದಿನ ಗಂಟೆ ಬಂದಿರುತ್ತದೆ.

ಹೀಗಿರುವಾಗ ಗಾಳಿಯ ವೇಗ ಅಳೆಯುವುದು ಹೇಗೆ? ನಾವು ಶಾಲೆಯ ಪುಸ್ತಕದಲ್ಲಿ ನೋಡುವ ಮೂರು ಬಟ್ಟಲಿನ ಮಾಪಕ ಇಲ್ಲಿ ಚಳಿಗಾಲದಲ್ಲಿ ಬಾಳುವುದಿಲ್ಲ. ಐಸ್ ಕೂತು ಭಾರವಾಗುತ್ತದೆ, ನಿಧಾನವಾಗುತ್ತದೆ, ಕೊನೆಗೆ ನಿಂತೇಬಿಡುತ್ತದೆ. ಅದಕ್ಕೆ ಇಲ್ಲಿ ವಿಮಾನಗಳಲ್ಲಿ ಇರುವಂಥ ಪೀಟೋ ಟ್ಯೂಬ್ ಬಳಸುತ್ತಾರೆ. ಗಾಳಿಗೆ ಮುಖ ಮಾಡಿದ ಒಂದು ಕೊಳವೆ. ಅದರ ಬಾಯಿಗೆ ನುಗ್ಗುವ ಗಾಳಿಯ ಒತ್ತಡ ಒಂದು, ಸುತ್ತಲಿನ ಒತ್ತಡ ಇನ್ನೊಂದು. ಎರಡರ ವ್ಯತ್ಯಾಸದಿಂದ ವೇಗ ಸಿಗುತ್ತದೆ. ಕೊಳವೆಯಲ್ಲಿ ಹೀಟರ್ ಇದೆ. ಕೊಳವೆ ಗಾಳಿಯ ದಿಕ್ಕುಸೂಚಿಯ ಜೊತೆ ತಿರುಗಿ ಯಾವಾಗಲೂ ಗಾಳಿಯ ಕಡೆಗೇ ನೋಡುತ್ತಿರುತ್ತದೆ.

ಹೀಟರ್ ಕೊಳವೆಯನ್ನು ಬಿಸಿ ಇಡುತ್ತದೆ ನಿಜ. ಆದರೆ ಅದನ್ನು ಹೊತ್ತ ಕಂಬ, ಪಕ್ಕದ ಕಂಬಿಗಳು, ಇವೆಲ್ಲದರ ಮೇಲೆ ಐಸ್ ಬೆಳೆಯುತ್ತಲೇ ಇರುತ್ತದೆ. ಬೆಳೆದು ಬೆಳೆದು ಕೊಳವೆಗೆ ಅಡ್ಡ ಬರುತ್ತದೆ, ಇಲ್ಲವೇ ತಿರುಗುವುದನ್ನೇ ತಡೆಯುತ್ತದೆ. ಆಗ ಕಂಪ್ಯೂಟರಿನ ಪರದೆಯ ಮೇಲೆ ಗಾಳಿ ಕಡಿಮೆಯಾದ ಹಾಗೆ ಕಾಣುತ್ತದೆ. ಗಾಳಿ ಕಡಿಮೆಯಾಗಿರುವುದಿಲ್ಲ. ಹಾಗಾಗಿ ಗೋಪುರದ ಒಳಗಿನ ಏಣಿ ಹತ್ತಿ, ಮೇಲಿನ ಮುಚ್ಚಳ ತೆಗೆದು, ಕಬ್ಬಿಣದ ಹಾರೆ ಹಿಡಿದು ಹೊರಗೆ ಏಳಬೇಕು. ಹೊಡೆಯುವುದು ಕಂಬಕ್ಕೆ, ಉಪಕರಣಕ್ಕಲ್ಲ. ಕಂಬ ನಡುಗಿದರೆ ಐಸ್ ತಾನೇ ಬಿರುಕು ಬಿಟ್ಟು ಬೀಳುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದನ್ನು ಕಲಿಯಬೇಕು, ಒಡೆದ ಚೂರು ನಮ್ಮ ಮುಖಕ್ಕೇ ಬರದ ಹಾಗೆ. ಗಾಳಿಯ ನೂಕು ಅದರ ವೇಗದ ವರ್ಗಕ್ಕೆ ಸರಿಯಾಗಿ ಏರುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಎಷ್ಟು ನೂಕುತ್ತದೋ 160ರಲ್ಲಿ ಅದರ ನಾಲ್ಕು ಪಟ್ಟು. ಇದು ಪುಸ್ತಕದಲ್ಲಿ ಓದಿದ ಸೂತ್ರ. ಹೊರಗಿನ ತೆರೆದ ಕಟ್ಟೆಯ, ಅಂದರೆ ಡೆಕ್ ಮೇಲೆ ಒಂದು ಹೆಜ್ಜೆ ಇಡಲು ಎರಡೂ ಕೈಯಿಂದ ಕಂಬಿ ಹಿಡಿದಾಗ ಅದು ಮೈಗೆ ಗೊತ್ತಾಗುತ್ತದೆ.

ಅಲ್ಲಿ ಒಂದು ಹಳೆಯ ಸಂಪ್ರದಾಯ ಇದೆ, ಸೆಂಚುರಿ ಕ್ಲಬ್ ಅಂತ. ಗಾಳಿ ಬಿಡದೆ ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿರುವಾಗ ವೀಕ್ಷಣಾ ಡೆಕ್ಕನ್ನು ಬೀಳದೆ, ಏನನ್ನೂ ಹಿಡಿಯದೆ ಒಂದು ಸುತ್ತು ಬರಬೇಕು. ಸೇರಿದವರು ಬಹಳ ಕಡಿಮೆ. ನಾನು ಆ ಪ್ರಯತ್ನಕ್ಕೆ ಹೋಗಲಿಲ್ಲ. ನನಗೆ ಕಂಬಿ ಹಿಡಿದು ಹೋಗಿ ಐಸ್ ಒಡೆದು ಬರುವುದರಲ್ಲೇ ತೃಪ್ತಿ ಇತ್ತು.

ಐಸ್ ಒಡೆಯುವುದು ಎಷ್ಟು ಮುಖ್ಯ ಅನ್ನುವುದಕ್ಕೆ 1934ರ ಏಪ್ರಿಲ್ 12ರ ಕಥೆ ಸಾಕು. ಆ ದಿನ ತುದಿಯಲ್ಲಿ ಪಾಗ್ಲಿಯುಕಾ, ಮೆಕೆಂಜಿ ಮತ್ತು ವೆಂಡೆಲ್ ಸ್ಟೀಫನ್‌ಸನ್ ಇದ್ದರು. ಬೆಳಗಿನ ಜಾವ ಸ್ಟೀಫನ್‌ಸನ್‌ಗೆ ಮಾಪಕ ತೋರಿಸುವ ಅಂಕಿಗೂ ಹೊರಗಿನ ಸದ್ದಿಗೂ ತಾಳೆಯಾಗಲಿಲ್ಲ. ಮೇಲೆ ಹತ್ತಿ ಐಸ್ ಒಡೆದು ಬಂದ. ಅಂಕಿ ಏರಿತು. ಮಧ್ಯಾಹ್ನ ಒಂದು ಗಂಟೆ 21 ನಿಮಿಷಕ್ಕೆ ಗಾಳಿಯ ವೇಗ ಗಂಟೆಗೆ 231 ಮೈಲಿ, ಅಂದರೆ 372 ಕಿಲೋಮೀಟರ್ ತಲುಪಿತು. ಆಮೇಲೆ ಆ ಮಾಪಕವನ್ನು ಪರೀಕ್ಷೆಗೆ ಕಳಿಸಿ ಅದು ಸರಿಯಾಗಿತ್ತು ಅಂತ ಖಚಿತ ಮಾಡಿಕೊಂಡರು. 1996ರಲ್ಲಿ ಆಸ್ಟ್ರೇಲಿಯದ ಬ್ಯಾರೋ ದ್ವೀಪದಲ್ಲಿ ಒಲಿವಿಯಾ ಚಂಡಮಾರುತದ ಹೊತ್ತಿಗೆ ಒಂದು ಆಟೊಮ್ಯಾಟಿಕ್ ಮಾಪಕ 408 ಕಿಲೋಮೀಟರ್ ದಾಖಲಿಸುವವರೆಗೆ ಅದೇ ವಿಶ್ವ ದಾಖಲೆ. ಮನುಷ್ಯರು ಪಕ್ಕದಲ್ಲಿ ಇದ್ದು ಅಳೆದದ್ದರಲ್ಲಿ ಈಗಲೂ ಅದೇ ಮೊದಲು. ನನಗೆ ಈ ಕಥೆಯಲ್ಲಿ 372ಕ್ಕಿಂತ ಬೆಳಗಿನ ಜಾವದ ಆ ಅನುಮಾನವೇ ದೊಡ್ಡದು. ಕಿವಿ ಒಂದು ಹೇಳುತ್ತಿದೆ, ಮಾಪಕ ಇನ್ನೊಂದು ಹೇಳುತ್ತಿದೆ ಅಂತ ಗಮನಿಸಿ ಎದ್ದು ಹೋದವನು ಇಲ್ಲದಿದ್ದರೆ ಆ ಅಂಕಿಯೇ ಇರುತ್ತಿರಲಿಲ್ಲ.

ಕಿವಿಯ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಕೆಲವು ಪಾಳಿ ಕಳೆದ ಮೇಲೆ ಕಟ್ಟಡದ ಸದ್ದಿನಿಂದಲೇ ವೇಗ ಅಂದಾಜು ಸಿಗಲು ಶುರುವಾಗುತ್ತದೆ. 100 ಕಿಲೋಮೀಟರ್ ಆಸುಪಾಸಿನಲ್ಲಿ ಒಂದೇ ಸಮನೆ ಗುಂಯ್ ಅನ್ನುತ್ತದೆ. ಇನ್ನೂ ಏರಿದಾಗ ಸದ್ದಿಗಿಂತ ನಡುಕ ಹೆಚ್ಚು, ಮೇಜಿನ ಮೇಲಿನ ಕಾಫಿಯಲ್ಲಿ ಸಣ್ಣ ಸಣ್ಣ ಅಲೆ. ಗಾಳಿಯ ವೇಗವನ್ನು ದುಂಡನೆಯ ಕಾಗದದ ಮೇಲೆ ಶಾಯಿಯ ಗೆರೆಯಾಗಿ ಬರೆಯುವ ಹಳೆಯ ಯಂತ್ರವೂ ಇದೆ. ಕಾಗದ 24 ಗಂಟೆಗೆ ಒಂದು ಸುತ್ತು. ದಿನಕ್ಕೊಂದು ಕಾಗದ ಬದಲಿಸುತ್ತೇವೆ. ಹಳೆಯ ದಿನಗಳ ಕಾಗದದ ಪಕ್ಕ ಇಂದಿನದನ್ನು ಇಟ್ಟು ನೋಡಬಹುದು. ಕಂಪ್ಯೂಟರ್ ಕಡತದಲ್ಲಿ ಇದೇ ಅಂಕಿ ಇನ್ನೂ ನಿಖರವಾಗಿ ಇದೆ, ಆದರೂ ಗೆರೆ ದಪ್ಪವಾಗಿ ಎದ್ದು ಬಿದ್ದು ಹೋಗಿರುವುದನ್ನು ನೋಡಿದರೆ ಆ ರಾತ್ರಿ ಗಾಳಿ ಹೇಗಿತ್ತು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ.

ಮಳೆ ಮತ್ತು ಹಿಮದ ಅಳತೆ ದಿನಕ್ಕೆ ನಾಲ್ಕು ಸಲ, ಆರು ಗಂಟೆಗೊಮ್ಮೆ. ಡಬ್ಬಿಯನ್ನು ತಂದು, ಅದರ ಜಾಗದಲ್ಲಿ ಖಾಲಿ ಡಬ್ಬಿ ಇಟ್ಟು ಬರಬೇಕು. ಹಿಮವಾದರೆ ಒಳಗೆ ಕರಗಿಸಿ ನೀರು ಎಷ್ಟಾಯಿತು ಅಂತ ಅಳೆಯುತ್ತೇವೆ. ಕೇಳಲು ಸುಲಭ. ಆದರೆ ಇಲ್ಲಿ ಹಿಮ ಮೇಲಿಂದ ಕೆಳಗೆ ಬೀಳುವುದಿಲ್ಲ, ಅಡ್ಡಡ್ಡ ಹೋಗುತ್ತದೆ. ಒಂದಷ್ಟು ಡಬ್ಬಿಯ ಬಾಯಿ ದಾಟಿ ಹಾರಿಹೋಗುತ್ತದೆ, ಒಂದಷ್ಟು ನೆಲದಿಂದ ಎದ್ದ ಹಳೆಯ ಹಿಮ ಒಳಗೆ ಬರುತ್ತದೆ. ಗಾಳಿ ತಡೆಯಲು ಡಬ್ಬಿಯ ಸುತ್ತ ಪಟ್ಟಿಗಳು ಇರುತ್ತವೆ, ಆದರೂ ಬರೆಯುವವರು ಏನು ಬೀಳುತ್ತಿತ್ತು, ಏನು ಹಾರುತ್ತಿತ್ತು ಅಂತ ಕಣ್ಣಾರೆ ನೋಡಿರಬೇಕು. ವರ್ಷಕ್ಕೆ ಸರಾಸರಿ 7 ಮೀಟರ್ ಹಿಮ ಬೀಳುವ ಜಾಗ ಅದು. ಮಳೆ ಮತ್ತು ಕರಗಿಸಿದ ಹಿಮ ಸೇರಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್. ನಮ್ಮ ಆಗುಂಬೆಯ ಮಳೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ ಅಂತ ಅಲ್ಲಿಯವರಿಗೆ ಹೇಳಿದಾಗ ಅವರು ಕುತೂಹಲದಿಂದ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಡಬ್ಬಿ ತುಂಬಿ ಹರಿಯುವುದಿಲ್ಲವೇ?" ಅಂತ. ಅಳೆಯುವವರು ಕೇಳುವ ಪ್ರಶ್ನೆ ಅಂದರೆ ಇದು!

ಊಟ, ವಸತಿ ವಿಷಯ ಬೇಗ ಹೇಳುತ್ತೇನೆ. 1980ರಲ್ಲಿ ಕಟ್ಟಿದ ದಪ್ಪ ಕಾಂಕ್ರೀಟ್ ಕಟ್ಟಡದಲ್ಲಿ ವೀಕ್ಷಣಾಲಯ ಇದೆ. ಮಲಗುವ ಕೋಣೆ, ಅಡುಗೆಮನೆ ಕೆಳಗೆ, ಕೆಲಸದ ಕೋಣೆ ಮೇಲೆ. ಎರಡು ತಂಡ. ಒಂದು ವಾರ ಒಂದು ತಂಡ ಮೇಲೆ, ಮುಂದಿನ ವಾರ ಇನ್ನೊಂದು. ಬುಧವಾರ ಬದಲಾವಣೆ. ಬೇಸಿಗೆಯಲ್ಲಿ ವ್ಯಾನಿನಲ್ಲಿ ಹತ್ತಬಹುದು, ಚಳಿಗಾಲದಲ್ಲಿ ಪಟ್ಟಿ ಚಕ್ರದ ಹಿಮ ಟ್ರ್ಯಾಕ್ಟರ್. ಹನ್ನೆರಡು ಕಿಲೋಮೀಟರ್ ದಾರಿಗೆ ಕೆಲವು ದಿನ ಹಲವು ಗಂಟೆ ಬೇಕು. ಪ್ರತಿ ವಾರ ಸ್ವಯಂಸೇವಕರು ಬಂದು ನಮಗೆಲ್ಲ ಅಡುಗೆ ಮಾಡುತ್ತಾರೆ, ಅದಕ್ಕಾಗಿಯೇ ರಜೆ ಹಾಕಿ ಬರುವವರಿದ್ದಾರೆ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಬೇಗ ಬೇಯುವುದಿಲ್ಲ. ನಾನು ಸಣ್ಣ ಕುಕ್ಕರ್, ಮನೆಯ ಸಾರಿನ ಪುಡಿ ತೆಗೆದುಕೊಂಡು ಹೋಗಿದ್ದೆ. ಹೊರಗೆ ಐಸ್ ಒಡೆದು ಬಂದವರಿಗೆ ಬಿಸಿ ಸಾರು ಲೋಟದಲ್ಲಿ ಕೊಟ್ಟರೆ ಅವರ ಮುಖ ನೋಡಬೇಕಿತ್ತು. ಆಮೇಲೆ ಅದು ನಮ್ಮ ತಂಡದ ರೂಢಿಯೇ ಆಯಿತು. ಅಮ್ಮ ಫೋನಿನಲ್ಲಿ "ಮಗಾ, ಆ ಗಾಳೀಲಿ ಹೊರಗೆ ಹೋಗ್ಲೇಬೇಕಾ?" ಅಂತ ಪ್ರತಿ ಸಲ ಕೇಳುತ್ತಿದ್ದರು. "ಸಾರು ಕುಡಿದೇ ಹೋಗ್ತೀನಮ್ಮ" ಅಂದರೆ ಸ್ವಲ್ಪ ಸಮಾಧಾನ. ಕೇಂದ್ರದಲ್ಲಿ ಯಾವಾಗಲೂ ಒಂದು ಬೆಕ್ಕು ಇರುತ್ತದೆ. ಶುರುವಿನ ದಿನಗಳಿಂದ ಬಂದ ಪದ್ಧತಿ. 2021ರಿಂದ ಇರುವ ಬೆಕ್ಕಿನ ಹೆಸರು ನಿಂಬಸ್.

ರಾತ್ರಿ ಪಾಳಿ ಹನ್ನೆರಡು ಗಂಟೆ, ಎಚ್ಚರ ಇರುವುದು ಒಬ್ಬರೇ. ಕೆಲವರಿಗೆ ಆಗಿಬರುವುದಿಲ್ಲ. ನನಗೆ ಹಿಡಿಸಿತು. ಯಾರೂ ಮಾತಾಡಿಸುವವರು ಇಲ್ಲದಿದ್ದಾಗ ಹವೆ ಬದಲಾಗುವುದು ಚೆನ್ನಾಗಿ ಗೊತ್ತಾಗುತ್ತದೆ. ಉತ್ತರದ ಕಡೆ ಅರೋರಾ ಎಂಬ ಹಸಿರು ಬೆಳಕಿನ ಪರದೆ ಆಡುವುದನ್ನು ಅಲ್ಲಿ ನಿಂತು ನೋಡಿದ್ದೇನೆ. ಗುಡುಗಿನ ಮೋಡ ಹತ್ತಿರ ಬಂದಾಗ ಕಂಬಿಗಳ ತುದಿಯಲ್ಲಿ ಚುರ್ ಅನ್ನುವ ಸದ್ದು ಬರುತ್ತದೆ, ಕೆಲವೊಮ್ಮೆ ನೀಲಿ ಹೊಳಪು. ಗಾಳಿಯಲ್ಲಿ ವಿದ್ಯುತ್ ತುಂಬಿದೆ ಅಂತ ಅರ್ಥ. ಆಗ ಗೋಪುರಕ್ಕೆ ಹೋಗುವ ಮಾತಿಲ್ಲ. ಆ ಗಂಟೆಯ ಅಳತೆ ಒಳಗಿನಿಂದ ಆದಷ್ಟು, ಆಗದ್ದು ಖಾಲಿ.

ಬೆಳಗಿನ ಜಾವ ಎತ್ತರದ ಶಿಖರಗಳ ಮುನ್ಸೂಚನೆ ಬರೆಯಬೇಕು. ಅದನ್ನು ಓದುವವರು ಅಂದು ಬೆಟ್ಟ ಹತ್ತಲು ಹೊರಟವರು, ಹಿಮಕುಸಿತದ ಎಚ್ಚರಿಕೆ ಕೊಡುವವರು, ಸಿಕ್ಕಿಬಿದ್ದವರನ್ನು ಹುಡುಕಲು ಹೋಗುವವರು. ಈ ಬೆಟ್ಟದಲ್ಲಿ ಮತ್ತು ಅದರ ಸಾಲಿನಲ್ಲಿ ಈವರೆಗೆ 150ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಹಲವರು ಕೆಳಗೆ ಬಿಸಿಲು ನೋಡಿ ಹತ್ತಿದವರು. ಹಾಗಾಗಿ ಆ ಹೊತ್ತಿನಲ್ಲಿ ಒಂದೊಂದು ಪದವನ್ನೂ ತೂಗಿ ಬರೆಯುತ್ತಿದ್ದೆ. ಮಧ್ಯಾಹ್ನ ಎರಡರ ನಂತರ ಗಾಳಿ ಏರುತ್ತದೆ ಅಂತ ಬರೆಯುವುದಕ್ಕೂ ಮಧ್ಯಾಹ್ನ ಗಾಳಿ ಇರುತ್ತದೆ ಅಂತ ಬರೆಯುವುದಕ್ಕೂ ಒಬ್ಬರ ಜೀವದಷ್ಟು ಅಂತರ ಇರಬಹುದು. ಬೆಟ್ಟದ ರಸ್ತೆಗುಂಟ ಬೇರೆ ಬೇರೆ ಎತ್ತರದಲ್ಲಿ ಆಟೊಮ್ಯಾಟಿಕ್ ಕೇಂದ್ರಗಳಿವೆ. ಚಳಿ ಎಲ್ಲಿಯವರೆಗೆ ಇಳಿದಿದೆ, ಬೆಚ್ಚಗಿನ ಗಾಳಿ ಯಾವ ಎತ್ತರದಲ್ಲಿ ನುಸುಳುತ್ತಿದೆ ಅಂತ ಅವು ಚೆನ್ನಾಗಿ ತೋರಿಸುತ್ತವೆ. ಅವುಗಳಿಲ್ಲದೆ ನಾನು ಮುನ್ಸೂಚನೆ ಬರೆಯುತ್ತಿರಲಿಲ್ಲ. ಯಂತ್ರ ಬೇಡ ಅನ್ನುವ ವಾದ ನನ್ನದಲ್ಲ. ಯಂತ್ರದ ಪಕ್ಕ ಒಬ್ಬರು ಇರಬೇಕು ಅನ್ನುವುದು ನನ್ನ ಮಾತು.

2023ರ ಫೆಬ್ರವರಿ ಮೊದಲ ವಾರ ತುದಿಯಲ್ಲಿ ಮೈನಸ್ 44 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಗಾಳಿ ಸೇರಿದರೆ ಮೈಗೆ ತಾಗುವ ಚಳಿ ಮೈನಸ್ 78. ಅಮೆರಿಕದಲ್ಲಿ ದಾಖಲಾದ ಅತಿ ಕಡು ಗಾಳಿಚಳಿ ಅದು. ಆ ವಾರ ನಾನು ಕಣಿವೆಯಲ್ಲಿದ್ದೆ, ಮೇಲೆ ಇದ್ದದ್ದು ಇನ್ನೊಂದು ತಂಡ. ರಾತ್ರಿಯಿಡೀ ಪರದೆಯ ಮೇಲೆ ಅಂಕಿ ಇಳಿಯುವುದನ್ನು ನೋಡುತ್ತಾ ಕೂತಿದ್ದೆ. ಪ್ರತಿ ಗಂಟೆಯೂ ಹೊಸ ಅಳತೆ ಬಂತು. ಅಂದರೆ ಪ್ರತಿ ಗಂಟೆಯೂ ಒಬ್ಬರು ಬಾಗಿಲು ತೆಗೆದು ಹೊರಗೆ ಹೋಗಿದ್ದಾರೆ. ಆ ಅಂಕಿ ಎಷ್ಟು ಕೆಲಸದಿಂದ ಬಂದದ್ದು ಅಂತ ಗೊತ್ತಿದ್ದ ನನಗೆ ನಿದ್ದೆ ಬರಲಿಲ್ಲ.

ತಿಂಗಳ ಕೊನೆಗೆ ಎಲ್ಲ ಗಂಟೆಗಳ ಅಂಕಿಗಳನ್ನು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸಾಲು ಸಾಲಾಗಿ ನೋಡಬೇಕು. ಇದು ಬೇಸರದ ಕೆಲಸ ಅಂತ ಹಲವರು ಅನ್ನುತ್ತಾರೆ. ನನಗೆ ಇಲ್ಲೇ ನಂಬಿಕೆ ಹುಟ್ಟಿದ್ದು. ಸಂಶಯ ಬಂದ ಅಂಕಿಗೆ ಕಾಗದದ ಗೆರೆ ತೆಗೆದು ನೋಡುತ್ತೇವೆ, ಆ ಗಂಟೆ ಯಾರು ಬರೆದರು ಅಂತ ಕೇಳುತ್ತೇವೆ. ಅಳತೆ ಆಗದ ಗಂಟೆಗೆ ಹಿಂದುಮುಂದಿನ ಅಂಕಿ ನೋಡಿ ಅಂದಾಜು ತುಂಬುವುದಿಲ್ಲ. ಇಲ್ಲ ಅಂತಲೇ ಬರೆಯುತ್ತೇವೆ. 1930ರ ದಶಕದಿಂದ ಇದೇ ತುದಿಯಲ್ಲಿ, ಹೆಚ್ಚೂಕಡಿಮೆ ಇದೇ ವಿಧಾನದಲ್ಲಿ ಅಳೆದದ್ದರಿಂದಲೇ ಈ ಬೆಟ್ಟ ಎಷ್ಟು ಬಿಸಿಯಾಗಿದೆ ಅಂತ ವಿಜ್ಞಾನಿಗಳು ಇಂದು ಲೆಕ್ಕ ಹಾಕಲು ಆಗುತ್ತಿದೆ. ವಿಧಾನ ಬದಲಿಸಿದರೆ ಬದಲಾದದ್ದು ಹವೆಯೋ ಸಾಧನವೋ ಅಂತ ಹೇಳುವುದು ಕಷ್ಟ. ಸೈಕ್ರೋಮೀಟರ್ ಇನ್ನೂ ಕೈಯಲ್ಲಿ ತಿರುಗುತ್ತಿರುವುದಕ್ಕೆ ಇದೂ ಒಂದು ಕಾರಣ.

ರಜೆಗೆ ಊರಿಗೆ ಬಂದಾಗ ಅಪ್ಪನ ಮಳೆ ಪುಸ್ತಕ ತೆಗೆದು ನೋಡಿದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಅಂಥ ಪುಸ್ತಕ ಇದೆ, ಇಂಚಿನ ಲೆಕ್ಕದಲ್ಲಿ. ಆರಿದ್ರಾ ಇಷ್ಟು, ಪುನರ್ವಸು ಇಷ್ಟು ಅಂತ ಮಳೆ ನಕ್ಷತ್ರದ ಮೊತ್ತವೂ ಇರುತ್ತದೆ. ಬೆಲೆಬಾಳುವ ದಾಖಲೆ ಅದು. ಇಡುವವರಿಗೆ ನಾನು ಕೇಳಿಕೊಳ್ಳುವುದು ಮೂರೇ. ಮಾಪಕವನ್ನು ಮರ, ಸೂರುಗಳಿಂದ ದೂರ ಬಯಲಲ್ಲಿ ಇಡಿ, ವರ್ಷ ವರ್ಷ ಜಾಗ ಬದಲಿಸಬೇಡಿ. ಪ್ರತಿದಿನ ಬೆಳಗ್ಗೆ 8:30ಕ್ಕೇ ಅಳೆಯಿರಿ. ನಮ್ಮ ಹವಾಮಾನ ಇಲಾಖೆಯ ಮಳೆಯ ದಿನ 8:30ರಿಂದ 8:30ಕ್ಕೆ, ಹಾಗಾದರೆ ನಿಮ್ಮ ಅಂಕಿಯನ್ನು ಅವರ ಅಂಕಿಯ ಪಕ್ಕ ಇಟ್ಟು ನೋಡಬಹುದು. ಮಳೆ ಬರದ ದಿನ ಸೊನ್ನೆ ಬರೆಯಿರಿ, ಮನೆಯಲ್ಲಿ ಯಾರೂ ಇಲ್ಲದೆ ಅಳೆಯದ ದಿನ "ನೋಡಿಲ್ಲ" ಅಂತ ಬರೆಯಿರಿ. ಅಪ್ಪನ ಪುಸ್ತಕದಲ್ಲಿ ಎರಡಕ್ಕೂ ಒಂದೇ ಗೆರೆ ಎಳೆದಿತ್ತು. ಈಗ ಬೇರೆ ಬೇರೆ ಬರೆಯುತ್ತಿದ್ದಾರೆ.